ದೊಡ್ಡ ಮೇಡಂ ಕೇಳಿದ ಎಂಟನೇ ತರಗತಿ

ಮೊದಲ ಮೂರು ವಾರ ದೊಡ್ಡ ಮೇಡಂ ಎಂದರೆ ನನ್ನ ಪಾಲಿಗೆ ಒಂದು ಫ್ಯಾನು. ಮೂರು ರೆಕ್ಕೆಗಳಲ್ಲಿ ಒಂದು ಸೊಟ್ಟಗಾಗಿದ್ದ ಹಳೆಯ ಫ್ಯಾನು. ಮಾನ್ವಿಯ ನಮ್ಮ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಕುಳಿತರೆ, ಅತ್ತ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಿಂದ ಅವರು ಫೋನು ಹಿಡಿಯುತ್ತಿದ್ದರು. ಮಕ್ಕಳ ಕಡೆ ತಿರುಗಿಸಬೇಕಾದ ಫೋನು ಯಾವಾಗಲೂ ಮಾಳಿಗೆಯ ಕಡೆಗೇ ತಿರುಗಿರುತ್ತಿತ್ತು. ಫ್ಯಾನು ಗರಗರ ಸುತ್ತುವುದು ಕಾಣುತ್ತಿತ್ತು, ಕೆಳಗಿನಿಂದ ಎಲ್ಲೋ ದನಿ ಬರುತ್ತಿತ್ತು.

"ಸರ, ಹುಡುಗ್ರು ಕಾಣಾಕತ್ತಾರೇನ್ರಿ?"

"ಕಾಣಾಕತ್ತಾರ್ರಿ ಮೇಡಂ," ಎಂದು ನಾನೂ ಸುಳ್ಳು ಹೇಳುತ್ತಿದ್ದೆ. ನಿವೃತ್ತಿಗೆ ಒಂದು ವರ್ಷ ಇರುವ ಮುಖ್ಯೋಪಾಧ್ಯಾಯಿನಿಗೆ, ಅದೂ ಮುಖ ನೋಡದ ಹೆಂಗಸಿಗೆ, ಫೋನು ಹಿಡಿಯಲು ಬರುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ನಾಲ್ಕನೆಯ ವಾರ ಒಬ್ಬ ಹುಡುಗಿಯೇ ಎದ್ದು ಬಂದು ಅವರ ಕೈ ಬಗ್ಗಿಸಿದಳು. ಆಗ ಮೊದಲು ಮಕ್ಕಳು ಕಂಡರು, ಆಮೇಲೆ ಒಂದು ಕ್ಷಣ ಅವರೂ ಕಂಡರು. ತೆಳ್ಳನೆಯ ಮೈ, ಸೆರಗಿನ ತುದಿಗೆ ಬೀಗದ ಕೈಗೊಂಚಲು, ಕೊರಳಲ್ಲಿ ಸರದ ಜೊತೆಗೆ ಪಿ.ಟಿ. ಮಾಡಿಸುವ ಸೀಟಿ. "ಇಷ್ಟು ದಿನ ಏನು ನೋಡಿದ್ರಿ ಮತ್ತ?" ಎಂದರು. "ಫ್ಯಾನ್ರಿ" ಎಂದೆ. ಅವರು ನಕ್ಕ ನಗುವಿಗೆ ನನ್ನ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರು ಒಡೆದು ಹೋಗುವ ಹಾಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ಪೇಪರಿನಾಗ ಹಾಕಾಕ ನಾ ಏನು ಇಲೆಕ್ಷನ್ನಿಗೆ ನಿಂತೀನೇನು?" ಎಂದು ಬೈಯುತ್ತಾರೆ. ಮಕ್ಕಳು ಕರೆಯುತ್ತಿದ್ದಂತೆ ದೊಡ್ಡ ಮೇಡಂ ಎಂದೇ ಇರಲಿ.

ಏಳನೆಯ ತರಗತಿಯವರೆಗಿನ ಆ ಶಾಲೆಯಲ್ಲಿ ಗಣಿತದ ಮಾಸ್ತರರ ಜಾಗ ವರ್ಷಗಳಿಂದ ಖಾಲಿ. ಮಾಸ್ತರರಿಲ್ಲದ ಕಡೆ ಪರದೆಯ ಮೇಲೆ ಪಾಠ ನಡೆಸಿ ನೋಡೋಣ ಎಂದು ಕಚೇರಿಯವರು ಹೊರಟಾಗ ನನ್ನ ಹೆಸರೂ ಆ ಪಟ್ಟಿಯಲ್ಲಿ ಸೇರಿತು. ಮಂಗಳವಾರ, ಶುಕ್ರವಾರ ನಾನು ಮಾನ್ವಿಯಿಂದ ಕಲಿಸಬೇಕು, ಅಲ್ಲಿ ಮಕ್ಕಳು ಗೋಡೆಯ ಮೇಲಿನ ದೊಡ್ಡ ಟಿ.ವಿ.ಯಲ್ಲಿ ನನ್ನನ್ನು ನೋಡಿ ಕಲಿಯಬೇಕು, ಉಳಿದ ದಿನ ಅಲ್ಲಿನ ಶಿಕ್ಷಕರು ಲೆಕ್ಕ ಮಾಡಿಸಬೇಕು. ನಾನು ಒಳ್ಳೆಯ ಮಾಸ್ತರ ಎಂದು ನನಗೆ ಮೊದಲಿನಿಂದಲೂ ಸ್ವಲ್ಪ ಸೊಕ್ಕಿದೆ. ಟಿ.ವಿ.ಯಲ್ಲಿ ಬರುತ್ತೇನೆ ಎಂದ ಮೇಲೆ ಅದು ಇನ್ನಷ್ಟು ಏರಿತು, ಎರಡು ಹೊಸ ಅಂಗಿ ಹೊಲಿಸಿದೆ.

ಆ ಟಿ.ವಿ. ಶಾಲೆಗೆ ಬಂದ ಕಥೆಯನ್ನು ದೊಡ್ಡ ಮೇಡಮ್ಮೇ ಹೇಳಿದ್ದು. ಊರಿನ ಅಕ್ಕಿ ಗಿರಣಿಯ ಸಾಹುಕಾರರು ಶಾಲೆಗೆ ಏನಾದರೂ ಕೊಡಬೇಕೆಂದು ಮನಸ್ಸು ಮಾಡಿದರು. ಅವರ ಮನಸ್ಸಿನಲ್ಲಿದ್ದದ್ದು ಕಮಾನು. ಶಾಲೆಯ ಮುಂದೆ ದೊಡ್ಡ ಕಮಾನು ಕಟ್ಟಿಸಿ, ಅದರ ಮೇಲೆ ತೀರಿಹೋದ ತಂದೆಯವರ ಹೆಸರನ್ನು ರಸ್ತೆಗೆ ಕಾಣುವಂತೆ ಬರೆಸಬೇಕೆಂದಿದ್ದರು. ಶಾಲೆಯ ಸಮಿತಿ ಸೇರಿತು. ಒಬ್ಬರು ಕಮಾನೇ ಇರಲಿ ಎಂದರು, ಒಬ್ಬರು ನೀರಿನ ಟಾಕಿ ಎಂದರು, ಒಬ್ಬರು ಸರಕಾರ ಮಾಡಬೇಕಾದ ಕೆಲಸಕ್ಕೆ ನಾವ್ಯಾಕೆ ಕೈ ಹಾಕಬೇಕು ಎಂದು ಜಗಳಕ್ಕೆ ನಿಂತರು. ದೊಡ್ಡ ಮೇಡಂ ಎಲ್ಲರಿಗೂ ಚಹಾ ಕೊಡಿಸಿ ಕೊನೆಗೆ ಬಾಯಿ ಬಿಟ್ಟರಂತೆ.

"ಯಪ್ಪಾ, ಕಮಾನಿನ ಕೆಳಗ ಹುಡುಗ್ರು ದಿನಕ್ಕ ಎರಡು ಸಲ ಹಾಯತಾರ. ಬರ್ತಾ ಒಮ್ಮೆ, ಹೋಗ್ತಾ ಒಮ್ಮೆ. ಟಿ.ವಿ. ಕೊಡಸ್ರಿ. ದಿನಾ ಪಾಠ ಶುರು ಮಾಡಾಕ ಮುಂಚೆ ಹಿರೇರ ಫೋಟೋ ತೋರಸ್ತೀನಿ. ಕೈ ಮುಗಿದು ಕುಂತ್ಕೋತಾರ."

ಸಾಹುಕಾರರು ಒಪ್ಪಿದರು. ಹಾಗಾಗಿ ನನ್ನ ಪ್ರತಿ ಪಾಠದ ಮೊದಲ ಒಂದು ನಿಮಿಷ ಅವರ ತಂದೆಯವರದ್ದು. ರುಮಾಲು ಸುತ್ತಿದ ಹಿರಿಯರು ಟಿ.ವಿ. ತುಂಬ ಬಂದು ಮಕ್ಕಳನ್ನು ದುರುಗುಟ್ಟಿ ನೋಡಿ ಹೋದ ಮೇಲೆಯೇ ನಾನು ಬರುತ್ತಿದ್ದೆ. ಕರೆಂಟು ಹೋದರೆ ಪಾಠ ನಿಲ್ಲಬಾರದೆಂದು ಒಂದು ಬ್ಯಾಟರಿಯನ್ನೂ ಕೊಡಿಸಿದರು. ನೆಲದ ಮೇಲಿಟ್ಟರೆ ಇಲಿಗಳು ವೈರು ಕಡಿಯುತ್ತವೆ ಎಂದು ದೊಡ್ಡ ಮೇಡಂ ಅದನ್ನು ತಮ್ಮ ಕುರ್ಚಿಯ ಮೇಲಿಟ್ಟು, ತಾವು ಸ್ಟೂಲಿಗೆ ಬಂದರು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮುಖ್ಯ ಗುರುಗಳ ಕುರ್ಚಿ ಎಲ್ಲಿ ಎಂದು ಕೇಳಿದಾಗ, "ಅದ್ರಾಗ ಕರೆಂಟ್ ಕುಂತದ್ರಿ" ಎಂದಿದ್ದರಂತೆ.

ಆಮೇಲಾಮೇಲೆ ಪಾಠ ನಡೆಯುವಾಗ ಫೋನನ್ನು ಟಿ.ವಿ.ಯ ಪಕ್ಕ ನಿಲ್ಲಿಸಿ, ಅವರೂ ಕೊನೆಯ ಸಾಲಿನಲ್ಲಿ ನೋಟ್‌ಬುಕ್ಕು ಹಿಡಿದು ಕೂರುತ್ತಿದ್ದರು. ಮೊದಲ ಪ್ರಶ್ನೆ ಅವರದ್ದೇ. ಮಕ್ಕಳ ಅಂಜಿಕೆ ಬಿಡಿಸಲು ತಿಳಿಯದವರಂತೆ ನಟಿಸುತ್ತಾರೆ, ಎಷ್ಟು ಜಾಣೆ ಎಂದುಕೊಂಡಿದ್ದೆ. ಒಂದು ದಿನ ಋಣ ಸಂಖ್ಯೆಗಳ ಪಾಠ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ಸು ಎಂದೆ. ಕೈ ಎತ್ತಿದರು.

"ಅದ್ಯಾಕ್ರಿ ಸರ ಪ್ಲಸ್ಸು?"

"ಅದು ನಿಯಮ ಮೇಡಂ."

"ನಿಯಮ ಅಂದ್ರ ನಮ್ಮ ಕಚೇರಿ ಇದ್ದಂಗಾತಲ್ರಿ. ಯಾಕ ಅಂತ ಕೇಳಂಗಿಲ್ಲ. ಹತ್ತನೇದಾಗ ಎರಡು ಸಲ ಗಣಿತ ಫೇಲ್ ಆಗೀನ್ರಿ ನಾ. ಆಗೂ ಹಿಂಗ ನಿಯಮ ಅಂದಿದ್ರು."

ಮಕ್ಕಳೆಲ್ಲ ಹೋ ಎಂದರು. ನನಗೆ ನಾಚಿಕೆಯಾಯಿತು, ಏಕೆಂದರೆ ನಟನೆಯಲ್ಲ, ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ ನನಗೂ ಸರಿಯಾಗಿ ತಿಳಿದಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ನಮ್ಮ ಶಾಲೆಯ ನೀರಿನ ಟಾಕಿ ಖಾಲಿಯಾಗುವುದನ್ನು ಫೋನಿನಲ್ಲಿ ಹಿಡಿದು, ಆ ವಿಡಿಯೋವನ್ನು ಹಿಂದು ಮುಂದಾಗಿ ಓಡಿಸಿ ತೋರಿಸಿದೆ. ನೀರು ಕಡಿಮೆಯಾಗುವುದು ಮೈನಸ್ಸು, ವಿಡಿಯೋ ಹಿಂದಕ್ಕೆ ಓಡುವುದು ಮೈನಸ್ಸು, ಎರಡೂ ಸೇರಿದರೆ ಟಾಕಿ ತುಂಬುತ್ತಾ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಿಂದ "ಈಗ ತಿಳೀತ್ರಿ ಸರ" ಎಂಬ ದನಿ ಬಂತು. ಹದಿನೈದು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಸಂತೋಷವಾದ ದಿನಗಳು ಕಡಿಮೆ.

ಇನ್ನು ಮೂರು ಗೆರೆಯ ಪ್ರಸಂಗ. ವೃತ್ತದ ಪಾಠ ಮುಗಿಸಿ, ವೃತ್ತ ಬರೆದು ಫೋಟೋ ಕಳಿಸಿ ಎಂದಿದ್ದೆ. ಬಂದ ಫೋಟೋಗಳಲ್ಲಿ ಎಲ್ಲರ ವೃತ್ತದ ಮೇಲ್ಭಾಗದಲ್ಲೂ ಅಡ್ಡಡ್ಡಲಾಗಿ ಮೂರು ಗೆರೆ. ಒಬ್ಬರಲ್ಲ, ಇಡೀ ತರಗತಿ. ಮುಂದಿನ ವಾರ ತ್ರಿಕೋನ, ಅದರ ನೆತ್ತಿಯ ಮೇಲೂ ಮೂರು ಗೆರೆ. ಈ ಗೆರೆ ಯಾಕೆ ಹಾಕಿದ್ದೀರಿ ಎಂದು ಕೇಳಿದರೆ, "ನೀವಾ ಬರದಿದ್ರಿ ಸರ" ಎನ್ನುತ್ತಾರೆ. ನಾನು ಬರೆದಿಲ್ಲ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ದೊಡ್ಡ ಮೇಡಮ್ಮೇ ಏನೋ ತಪ್ಪು ಹೇಳಿಕೊಟ್ಟಿದ್ದಾರೆ ಎಂದು ಒಳಗೊಳಗೇ ಬೈದುಕೊಂಡೆ.

ಆ ತಿಂಗಳ ಕೊನೆಗೆ ನಮ್ಮ ಹೆಡ್‌ಮಾಸ್ತರರ ಅನುಮತಿ ಪಡೆದು, ಶನಿವಾರದ ಮೊದಲ ಬಸ್ಸು ಹತ್ತಿ, ಸಿರವಾರದಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ. ಹೋಗುವಂತೆ ಮಾಡಿದ್ದು ಹುಲಿಗೆಮ್ಮ. ಆಕೆ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ, ಮಗಳು ಅಲ್ಲೇ ಏಳನೆಯ ತರಗತಿ. ಒಂದು ಶುಕ್ರವಾರ ಪಾಠದ ನಡುವೆ ಸೌಟು ಹಿಡಿದುಕೊಂಡೇ ಬಂದು, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಎಗ್ಗಿಲ್ಲದೆ ಕೇಳಿದ್ದಳು.

"ಮೇಡಮ್ಮರ, ಇದ್ದೋರ ಮಕ್ಕಳಿಗೆ ಮಾಸ್ತರ, ನಮ್ಮ ಮಕ್ಕಳಿಗೆ ಟಿ.ವಿ. ಏನ್ರಿ?"

ಅಧಿಕಾರಿಗಳು ಎರಡು ದಿನ ತರಬೇತಿ ಕೊಟ್ಟಾಗಲೂ ಯಾರೂ ಈ ಪ್ರಶ್ನೆ ಎತ್ತಿರಲಿಲ್ಲ. ದೊಡ್ಡ ಮೇಡಂ ಮಾತ್ರ ತಕ್ಷಣ, "ನೀ ಹೇಳೋದು ಖರೇ ಅದ. ಟಿ.ವಿ.ಯಾಗಿನ ಮಾಸ್ತರನ್ನ ಇಲ್ಲೇ ಕರಸ್ತೀನಿ, ಊಟ ನೀನಾ ಬಡಸು" ಎಂದರು. ಅಂದಿನಿಂದ ತಿಂಗಳಿಗೊಂದು ಶನಿವಾರ ನಾನು ಅಲ್ಲಿಗೆ ಹೋಗುವುದು ಖಾಯಂ ಆಯಿತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಮೊದಲ ಸಲ ಶಾಲೆಯೊಳಗೆ ಕಾಲಿಟ್ಟಾಗ ಮಕ್ಕಳೆಲ್ಲ ನನ್ನ ಹಣೆಯನ್ನೇ ನೋಡುತ್ತಿದ್ದರು. ಕೊನೆಗೆ ಹುಲಿಗೆಮ್ಮನ ಮಗಳು ಲಕ್ಷ್ಮಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಸರ, ಇವತ್ತ ವಿಭೂತಿ ಹಚ್ಕೊಂಡಿಲ್ಲೇನ್ರಿ?"

ನಾನು ಮಾನ್ವಿ ಬಜಾರಿನ ಬಳೆ ವ್ಯಾಪಾರಿಯ ಮಗ. ಮನೆಯಲ್ಲಿ ಆಡುವುದು ದಖ್ಖನಿ, ಶುಕ್ರವಾರ ಮಸೀದಿಗೆ ಹೋಗುವವನು. ವಿಭೂತಿಗೂ ನನಗೂ ಏನು ಸಂಬಂಧ ಎಂದು ನಾನು ಕಕ್ಕಾಬಿಕ್ಕಿಯಾಗಿ ನಿಂತರೆ, ದೊಡ್ಡ ಮೇಡಂ ಗೋಡೆ ಹಿಡಿದುಕೊಂಡು ನಗಲು ಶುರು ಮಾಡಿದರು. ನಗು ನಿಲ್ಲಿಸಲಾಗದೆ ನನ್ನ ಕೈ ಹಿಡಿದು ಟಿ.ವಿ.ಯ ಮುಂದೆ ಕರೆದೊಯ್ದರು.

ಟಿ.ವಿ. ಬಂದ ದಿನ ಊರವರು ಪೂಜೆ ಮಾಡಿದ್ದರು. ಸಾಹುಕಾರರು ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಪರದೆಯ ಮೇಲ್ಭಾಗದ ನಡುಮಧ್ಯಕ್ಕೆ ಎಳೆದಿದ್ದರು. ಒಣಗಿ ಬೆಳ್ಳಗೆ ಗಟ್ಟಿಯಾಗಿ ನಿಂತಿತ್ತು. ದೊಡ್ಡವರು ಹಚ್ಚಿದ ವಿಭೂತಿಯನ್ನು ಒರೆಸುವವರು ಯಾರು? ಯಾರೂ ಒರೆಸಲಿಲ್ಲ. ನಾನು ಮಾನ್ವಿಯಲ್ಲಿ ಕ್ಯಾಮೆರಾದ ಮುಂದೆ ಕೂತರೆ ಅಲ್ಲಿ ಸರಿಯಾಗಿ ನನ್ನ ಹಣೆಯ ಮೇಲೆ ಮೂರು ಪಟ್ಟೆ ಬೀಳುತ್ತಿದ್ದವು. ವೃತ್ತ ತೋರಿಸಿದರೆ ವೃತ್ತದ ಮೇಲೆ, ತ್ರಿಕೋನ ತೋರಿಸಿದರೆ ತ್ರಿಕೋನದ ಮೇಲೆ. ಗಣಿತದ ಸರ ಎಷ್ಟು ನೇಮಸ್ಥರು, ಒಂದು ದಿನವೂ ವಿಭೂತಿ ತಪ್ಪಿಸುವುದಿಲ್ಲ ಎಂದು ಊರೆಲ್ಲ ಮಾತಾಗಿತ್ತಂತೆ.

"ನಿಮಗ ಗೊತ್ತಿತ್ತಲ್ಲ, ಹೇಳಬಾರದೇನ್ರಿ?" ಎಂದೆ.

"ಗೆರಿ ಕಾಣ್ತಿದ್ವು. ನಿಮ್ಮ ಹೆಸರೂ ಗೊತ್ತಿತ್ತು. ಛಂದ ಕಾಣ್ತೀರಲ್ಲ ಅಂತ ಸುಮ್ನಿದ್ನಿ," ಎಂದು ಮತ್ತೆ ನಕ್ಕರು. "ವೃತ್ತದ ಮ್ಯಾಲೂ ಬರೀತಾರ ಅಂತ ನನಗೇನು ಗೊತ್ರಿ? ನಾನೂ ನನ್ನ ನೋಟ್‌ಬುಕ್ಕಿನಾಗ ಹಂಗಾ ಬರಕೊಂಡೀನಿ."

ಸುದ್ದಿ ತಿಳಿದು ಸಾಹುಕಾರರೇ ಶಾಲೆಗೆ ಬಂದರು. ಎತ್ತರದ ಆಳು, ಮಾತು ಕಡಿಮೆ. ನನಗೆ ಸ್ವಲ್ಪ ಅಳುಕಿತ್ತು. ಅವರು ನನ್ನ ತಂದೆಯ ಹೆಸರು ಕೇಳಿದರು, ಅಂಗಡಿ ಎಲ್ಲಿ ಎಂದು ಕೇಳಿದರು.

"ಮಸೀದಿ ಮಗ್ಗಲಿನ ಬಳೆ ಅಂಗಡಿಯೇನು? ನಮ್ಮ ಮನಿ ಮದಿವಿ ಬಳೆ ಎಲ್ಲಾ ಅಲ್ಲಿಂದಾನ ಬಂದಾವ. ನಿಮ್ಮಪ್ಪ ರೇಟು ಮಾತ್ರ ಬಿಡೋ ಮನಿಶಾ ಅಲ್ಲ."

ದೊಡ್ಡ ಮೇಡಂ ಒದ್ದೆ ಬಟ್ಟೆಯನ್ನು ಅವರ ಮುಂದೆ ಹಿಡಿದರು. "ಹಚ್ಚಿದೋರು ನೀವು. ನೀವಾ ಒರಸ್ರಿ, ಹುಡುಗ್ರ ಲೆಕ್ಕ ಕೆಡಾಕತ್ತಾವು." ಸಾಹುಕಾರರು ಆ ಬಟ್ಟೆ ಬೇಡವೆಂದು ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದಲೇ ಒರೆಸಿ, ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ಹೆಗಲಿಗೆ ಹಾಕಿಕೊಂಡರು. ಮುಂದಿನ ಮಂಗಳವಾರ ನಾನು ಬೋಳು ಹಣೆಯಲ್ಲಿ ಕಾಣಿಸಿಕೊಂಡಾಗ ಮಕ್ಕಳು ಜ್ವರ ಬಂದಿದೆಯೇ ಎಂದು ವಿಚಾರಿಸಿದರು. ಮನೆಯಲ್ಲಿ ಅಮ್ಮಿಗೆ ಇದನ್ನೆಲ್ಲ ಹೇಳಿದರೆ ಅವಳು ಒಂದು ವಾರ ನೆನಪಾದಾಗಲೆಲ್ಲ ನಕ್ಕಳು.

ಹತ್ತಿ ಬಿಡಿಸುವ ಕಾಲ ಬಂದರೆ ಆ ಕಡೆಯ ಶಾಲೆಗಳು ಅರ್ಧ ಖಾಲಿ. ದೊಡ್ಡ ಮೇಡಂ ಇದಕ್ಕೆ ಒಂದು ಉಪಾಯ ಮಾಡಿದ್ದರು. ಮಗ್ಗಿಗಳನ್ನು ತಮ್ಮ ದನಿಯಲ್ಲಿ ರಾಗವಾಗಿ ಹೇಳಿ, ಫೋನಿನಲ್ಲಿ ತುಂಬಿ, ತಾಯಂದಿರ ಫೋನುಗಳಿಗೆ ಕಳಿಸುತ್ತಿದ್ದರು. ಹೊಲದಲ್ಲಿ ಒಬ್ಬಳ ಸೊಂಟದಲ್ಲಿ ಫೋನು ಹಾಡುತ್ತಿದ್ದರೆ ಸಾಲಿನಲ್ಲಿದ್ದ ಹೆಂಗಸರು, ಮಕ್ಕಳು ಎಲ್ಲ ಅದಕ್ಕೆ ದನಿಗೂಡಿಸುವುದು. ಹದಿನೇಳೊಂದ್ಲೆ ಹದಿನೇಳಕ್ಕೆ ಒಂದು ಹತ್ತಿಕಾಯಿ ಬಿಡಿಸುವುದು, ಹದಿನೇಳೆರಡ್ಲೆ ಮೂವತ್ನಾಲ್ಕಕ್ಕೆ ಇನ್ನೊಂದು. ಹುಲಿಗೆಮ್ಮ ಎಂದೂ ಶಾಲೆ ಕಲಿತವಳಲ್ಲ, ಆ ಸುಗ್ಗಿ ಮುಗಿಯುವಷ್ಟರಲ್ಲಿ ಹತ್ತೊಂಬತ್ತರ ಮಗ್ಗಿಯವರೆಗೂ ಒಂದು ತಪ್ಪಿಲ್ಲದೆ ಹೇಳುತ್ತಿದ್ದಳು. ಅನ್ನ ಬಡಿಸುವಾಗ ಮಕ್ಕಳಿಗೆ ಪ್ರಶ್ನೆ ಕೇಳುವುದು, ಉತ್ತರ ತಪ್ಪಿದರೆ ಸಾರಿಗೆ ಸ್ವಲ್ಪ ತಡೆ. ಕಚೇರಿಯ ಕಾಗದಗಳಲ್ಲಿ ಪರದೆ, ಫೋನು ಬೆರೆಸಿದ ಈ ಬಗೆಯ ಕಲಿಕೆಗೆ ಉದ್ದುದ್ದ ಹೆಸರುಗಳಿವೆ. ದೊಡ್ಡ ಮೇಡಂ ಇದನ್ನು ಹೊಲದ ಪಾಠ ಎನ್ನುತ್ತಿದ್ದರು.

ಇಷ್ಟೆಲ್ಲ ನಗೆಯ ಅಡಿಯಲ್ಲಿ ಅವರಿಗೆ ಒಂದೇ ಒಂದು ಚಿಂತೆ ಇತ್ತು. ಊರಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ. ಹೈಸ್ಕೂಲು ದೂರದ ಊರಿನಲ್ಲಿ, ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಗಂಡುಮಕ್ಕಳು ಸೈಕಲ್ಲು, ಟಂಟಂ ಆಟೋ ಹಿಡಿದು ಹೇಗೋ ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿಗೆ ಏಳನೆಯದೇ ಕೊನೆ. ತಾವು ನಿವೃತ್ತರಾಗುವುದರೊಳಗೆ ಇಲ್ಲೇ ಎಂಟನೆಯ ತರಗತಿ ಆಗಬೇಕು, ಲಕ್ಷ್ಮಿಯ ತಂಡವಾದರೂ ಹತ್ತಿ ಹೊಲದಲ್ಲಿ ನಿಲ್ಲಬಾರದು ಎಂಬುದು ಅವರ ಹಟ.

ಅದಕ್ಕಾಗಿ ರಾಯಚೂರಿನಲ್ಲಿ ಶಿಕ್ಷಕರ ಸಭೆ ನಡೆದಾಗ ಅವರು ಎದ್ದು ನಿಂತರು. ನಾನೂ ಅಲ್ಲಿದ್ದೆ. ವೇದಿಕೆಯ ಮೇಲಿದ್ದ ಅಧಿಕಾರಿ ಸಣ್ಣ ಶಾಲೆಗಳಿಗೆ ಖರ್ಚು ಮಾಡುವುದು ಸರಕಾರಕ್ಕೆ ಹೊರೆ, ಮಕ್ಕಳು ಕಡಿಮೆ ಇರುವ ಕಡೆ ಹೊಸ ತರಗತಿ ಕೊಡಲಾಗದು ಎಂದು ವಿವರಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಅವರ ಮೇಲೂ ಒತ್ತಡವಿತ್ತು.

"ಸಾಹೇಬ್ರ, ಮಕ್ಕಳು ಕಮ್ಮಿ ಅಂತ ಎಂಟನೇದು ಕೊಡಂಗಿಲ್ಲ ಅಂತೀರಿ. ಎಂಟನೇದು ಇಲ್ಲಂತ ಮಕ್ಕಳು ಕಮ್ಮಿ ಆಗಾಕತ್ತಾರ. ಯಾರರ ಒಬ್ರು ಮೊದಲು ಮಾಡಬೇಕಲ್ರಿ. ನಾವು ಬಡೂರು, ನೀವಾ ಮಾಡ್ರಿ."

ಸಭೆ ನಕ್ಕಿತು. ಅಧಿಕಾರಿಯೂ ನಕ್ಕು, ಇಪ್ಪತ್ತು ಮಕ್ಕಳ ಅರ್ಜಿ ತಂದೆತಾಯಂದಿರ ಸಹಿಯೊಂದಿಗೆ ಬರಲಿ, ಒಂದು ಕೋಣೆ ತೋರಿಸಿ, ಗಣಿತಕ್ಕೆ ಈಗಿನಂತೆ ಪರದೆಯ ಪಾಠ ಮುಂದುವರಿಯಲಿ, ಆಮೇಲೆ ನೋಡೋಣ ಎಂದರು. ಹೊರಗೆ ಬಂದ ಮೇಲೆ ದೊಡ್ಡ ಮೇಡಂ ನನಗೆ ಮಿರ್ಚಿ ಭಜಿ ಕೊಡಿಸಿದರು. "ಅಂಜಿಕಿ ಬಂದಿತ್ರಿ ಸರ, ಮೈಕ್ ಹಿಡದು ಮಾತಾಡಿದ್ದು ಇದಾ ಮೊದಲು" ಎಂದು, ಎರಡನೆಯ ಭಜಿ ತಿಂದ ಮೇಲೆಯೇ ಮೊದಲಿನಂತಾದರು.

ಅವರ ಏಳನೆಯ ತರಗತಿಯ ಮಕ್ಕಳು, ಪಕ್ಕದ ತಾಂಡಾದ ಮಕ್ಕಳು, ಹಿಂದಿನ ವರ್ಷ ಬಿಟ್ಟು ಕೂತಿದ್ದ ಇಬ್ಬರು, ಎಲ್ಲ ಸೇರಿ ಹತ್ತೊಂಬತ್ತು ಆದರು. ಆದರೆ ಅಪ್ಪಂದಿರು ಸಹಿ ಹಾಕಲಿಲ್ಲ. ಒಬ್ಬೊಬ್ಬರದೂ ಒಂದೊಂದು ನೆವ, ಒಳಗಿನ ಮಾತು ಮಾತ್ರ ಒಂದೇ. ಸಾಹುಕಾರರ ಮೊಮ್ಮಗಳು ರಾಯಚೂರಿನ ಇಂಗ್ಲಿಷ್ ಶಾಲೆಯಲ್ಲಿ, ಹಾಸ್ಟೆಲಿನಲ್ಲಿದ್ದು ಏಳನೆಯ ತರಗತಿ ಓದುತ್ತಾಳೆ. ಅವಳು ಕೂರದ ಶಾಲೆ ಬಡವರ ಶಾಲೆ, ಅಂಥ ಶಾಲೆ ಎಷ್ಟು ದಿನ ನಡೆದೀತು ಎಂದು ಅವರ ಅನುಮಾನ.

ಆ ಮೊಮ್ಮಗಳು ಶ್ರೇಯಾ ಏಪ್ರಿಲ್ ರಜೆಗೆ ಊರಿಗೆ ಬಂದಿದ್ದಳು. ದೊಡ್ಡ ಮೇಡಂ ರಜೆಯಲ್ಲೂ ಬೆಳಗ್ಗೆ ಒಂದು ತಾಸು ನನ್ನಿಂದ ಪಾಠ ಮಾಡಿಸುತ್ತಿದ್ದರು. ಕರೆಂಟಿಲ್ಲದ ಹೊತ್ತಿನಲ್ಲೂ ಟಿ.ವಿ. ನಡೆಯುವ ಜಾಗ ಎಂದು ಹುಡುಗಿ ಬೇಸರ ಕಳೆಯಲು ಬಂದು ಕೂತಳು. ಮೊದಲ ದಿನ ಗತ್ತಿನಿಂದ ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು, ತಪ್ಪಾಗಿತ್ತು, ಲಕ್ಷ್ಮಿ ತಿದ್ದಿದಳು. ಮರುದಿನ ಮುಂದಿನ ಸಾಲಿಗೆ ಬಂದಳು. ಒಂದು ವಾರ ಕಳೆದ ಮೇಲೆ, "ಸರ, ಇಲ್ಲಿ ಎಷ್ಟು ಸಲ ಡೌಟ್ ಕೇಳಿದ್ರೂ ಯಾರೂ ಬೈಯಂಗಿಲ್ಲಲ್ರಿ. ದೊಡ್ಡ ಮೇಡಮ್ಮಾನೂ ಕೇಳ್ತಾರ" ಎಂದಳು.

ಮೇ ತಿಂಗಳ ಒಂದು ಶನಿವಾರ ದೊಡ್ಡ ಮೇಡಂ ನನ್ನನ್ನು ಕರೆದುಕೊಂಡು ಸಾಹುಕಾರರ ಮನೆಗೆ ಹೋದರು. ಅವರು ಮೊದಲೇ ಒಂದು ತೀರ್ಮಾನ ಮಾಡಿಕೊಂಡಿದ್ದರು. ಗಿರಣಿಯ ಪಕ್ಕದ ಗೋದಾಮನ್ನು ಎಂಟನೆಯ ತರಗತಿಗೆ ಬಿಟ್ಟುಕೊಡುತ್ತೇನೆ, ನೆಲಕ್ಕೆ ಫರಸಿ ಕಲ್ಲು ಹಾಕಿಸುತ್ತೇನೆ, ಫ್ಯಾನು, ಬಣ್ಣ, ಬೋರ್ಡು ಎಲ್ಲ ನನ್ನದೇ ಖರ್ಚು ಎಂದರು. ನಾನು ಖುಷಿಯಿಂದ ಎದ್ದೇಬಿಟ್ಟೆ. ದೊಡ್ಡ ಮೇಡಂ ಏಳಲಿಲ್ಲ.

"ಗೋದಾಮು ತೊಗೋತೀನ್ರಿ ಯಪ್ಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಬಂದಿದ್ದು ಅದಕ್ಕಲ್ಲ. ನಿಮ್ಮ ಮೊಮ್ಮಗಳನ್ನ ಕೊಡ್ರಿ."

ಒಳಗಿನಿಂದ ಚಹಾ ಬಂತು, ಆರಿತು. ಬಾಗಿಲ ಮರೆಯಲ್ಲಿ ಶ್ರೇಯಾಳ ಲಂಗದ ಅಂಚು ಕಾಣುತ್ತಿತ್ತು.

"ಮೇಡಂ, ಈ ತಿಂಗಳು ಮುಗದ್ರ ನೀವು ರಿಟೈರ್ ಆಗಿ ರಾಯಚೂರಿಗೆ ಹೋಗ್ತೀರಿ. ನನ್ನ ಮೊಮ್ಮಗಳು ಇಲ್ಲೇ ಇರಬೇಕು. ನಾಳಿಗೆ ಹೆಚ್ಚು ಕಮ್ಮಿ ಆದ್ರ ನಾ ಯಾರನ್ನ ಕೇಳ್ಲಿ?"

"ಈ ಸರನ್ನ ಕೇಳ್ರಿ," ಎಂದರು ದೊಡ್ಡ ಮೇಡಂ, ನನ್ನ ಕಡೆ ತಿರುಗಿಯೂ ನೋಡದೆ.

ಟಿ.ವಿ.ಯಲ್ಲಿ ಪಾಠ ಮಾಡುವುದು ಬೇರೆ, ಒಬ್ಬರ ಮನೆಯ ಹುಡುಗಿಗೆ ಹೊಣೆಯಾಗುವುದು ಬೇರೆ. ಆದರೂ "ಕೇಳ್ರಿ" ಎಂದೆ. "ತಿಂಗಳಿಗೆ ಒಂದಲ್ಲ, ಎರಡು ಶನಿವಾರ ಬರ್ತೀನಿ." ಆ ಎರಡನೆಯ ಶನಿವಾರ ಬಾಯಿಂದ ಹೇಗೆ ಬಂತೋ ನನಗೇ ತಿಳಿಯದು. ದೊಡ್ಡ ಮೇಡಂ ಆಗ ಆರಿದ ಚಹಾ ಎತ್ತಿಕೊಂಡು ಒಂದೇ ಗುಟುಕಿಗೆ ಕುಡಿದರು.

ಸಾಹುಕಾರರು ಸಹಿ ಹಾಕಿದರು. ಅದನ್ನು ನೋಡಿ ಉಳಿದ ಹತ್ತೊಂಬತ್ತು ಸಹಿಗಳೂ ಬಿದ್ದವು, ಹುಲಿಗೆಮ್ಮ ಹೆಬ್ಬೆಟ್ಟು ಒಲ್ಲೆನೆಂದು ಮಗಳ ಹತ್ತಿರ ಕಲಿತು ಹೆಸರನ್ನೇ ಬರೆದಳು. ತಿಂಗಳ ಕೊನೆಯ ವಾರ ಆದೇಶ ಬಂತು. ಆರಂಭದ ದಿನವೇ ಇಪ್ಪತ್ತು ಮಕ್ಕಳು ಹಾಜರಿರಬೇಕು, ಇಲ್ಲದಿದ್ದರೆ ತರಗತಿ ರದ್ದು ಎಂದು ಕೆಳಗೆ ಒಂದು ಸಾಲು ಇತ್ತು. ಸಾಹುಕಾರರು ಸಹಿ ಮಾಡಿದ್ದಾರೆ, ಮೊಮ್ಮಗಳನ್ನು ಮಾತ್ರ ಕಳಿಸುವುದಿಲ್ಲ ನೋಡಿ ಎಂದು ಊರಲ್ಲಿ ಮಾತು. ಅವಳು ಬಂದರೆ ನಮ್ಮವರೂ ಬರುತ್ತಾರೆ ಎಂದು ಅಪ್ಪಂದಿರೂ ಹೇಳತೊಡಗಿದರು. ಮೇ ಕೊನೆಯ ದಿನ ಶಾಲು ಹೊದಿಸಿ, ಹಾರ ಹಾಕಿ ದೊಡ್ಡ ಮೇಡಂ ಅವರನ್ನು ಬೀಳ್ಕೊಟ್ಟೆವು. ಎಲ್ಲರೂ ಭಾಷಣ ಮಾಡಿದರು. ಅವರು ಮಾತ್ರ ಗೋದಾಮಿನ ಹೊಸ ಫರಸಿಯ ಮೇಲೆ ಓಡಾಡುತ್ತ, ಇಪ್ಪತ್ತು ಮಂದಿ ಕೂರಲು ಜಾಗ ಸಾಕೇ ಎಂದು ಹೆಜ್ಜೆಯಲ್ಲಿ ಅಳೆಯುತ್ತಿದ್ದರು.

ಮರುದಿನ ಎಂಟನೆಯ ತರಗತಿಯ ಮೊದಲ ಪಾಠ ನನ್ನದು. ಮಾನ್ವಿಯಿಂದ ಪರದೆ ತೆರೆದೆ. ಅತ್ತ ಫೋನು ಹಿಡಿದಿದ್ದವರು ಮುಖ್ಯ ಗುರುಗಳ ಪ್ರಭಾರ ವಹಿಸಿಕೊಂಡಿದ್ದ ಕನ್ನಡ ಮಾಸ್ತರರು. ಟಿ.ವಿ. ತಂದಿಟ್ಟಿದ್ದ ಗೋದಾಮಿನ ಫರಸಿಯ ಮೇಲೆ ಕೂತಿದ್ದದ್ದು ಏಳೇ ಮಕ್ಕಳು. ಲಕ್ಷ್ಮಿ ಮುಂದೆ ಇದ್ದಳು, ಮುಖ ಸಪ್ಪಗಿತ್ತು. ಬಾಗಿಲ ಹೊರಗೆ ಅಪ್ಪಂದಿರು ಮಕ್ಕಳ ಕೈ ಹಿಡಿದು ನಿಂತಿರುವುದು ಕಾಣುತ್ತಿತ್ತು. ಒಳಗೆ ಬಿಡುವುದಿಲ್ಲ, ಮನೆಗೂ ಹೋಗುವುದಿಲ್ಲ. ನಾನು ಹಾಜರಿ ಕರೆಯದೆ ಏನೇನೋ ಮಾತಾಡುತ್ತ ಹೊತ್ತು ಕಳೆದೆ.

ಆಗ ಹೊರಗೆ ನಿಂತವರು ಸರಿದು ದಾರಿ ಮಾಡಿದರು. ಸಾಹುಕಾರರು ಶ್ರೇಯಾಳ ಚೀಲವನ್ನು ತಾವೇ ಹೊತ್ತುಕೊಂಡು ಬಂದು, ಅವಳನ್ನು ಲಕ್ಷ್ಮಿಯ ಪಕ್ಕದಲ್ಲಿ ಕೂರಿಸಿ, ಹಿಂದಿರುಗಿ ಅಪ್ಪಂದಿರ ಮುಂದೆ ನಿಂತರು.

"ಯಾಕ ನಿಂತೀರೋ ಹಿಂಗ? ನಿಮ್ಮನ್ನ ಕೂಡ್ರಸಾಕ ಇಲ್ಲಿ ಜಾಗ ಇಲ್ಲ. ಹುಡುಗ್ರನ್ನ ಒಳಗ ಕಳಸ್ರಿ."

ಮಕ್ಕಳು ಒಂದೇ ಸಮನೆ ಒಳಗೆ ಬಂದರು. ನೂಕಾಟದಲ್ಲಿ ಮಾಸ್ತರರ ಕೈಯಲ್ಲಿನ ಫೋನು ಅಲ್ಲಾಡಿ ನನಗೆ ಬರೀ ಜಡೆ, ಚೀಲಗಳು ಕಂಡವು. ಎಲ್ಲರೂ ಕೂತ ಮೇಲೆ ಹಾಜರಿ ಕರೆದೆ. ಕೊನೆಯ ಹೆಸರಿಗೂ "ಹಾಜರ್ ಸರ" ಎಂದು ಬಂದಾಗ ನಾನು ಕೆಮ್ಮಿದಂತೆ ಮಾಡಿದೆ.

ಪಾಠದ ನಡುವೆ ನಾನು ಎಂದೂ ಫೋನು ಎತ್ತುವವನಲ್ಲ. ಅಂದು ಎತ್ತಿದೆ. ರಾಯಚೂರಿನಿಂದ ದೊಡ್ಡ ಮೇಡಂ.

"ಎಷ್ಟು ಮಂದಿ ಬಂದಾರ್ರಿ ಸರ?"

"ಇಪ್ಪತ್ತು ಮಂದಿ."

"ಆಕಿ?"

"ಬಂದಾಳ್ರಿ. ಅವರ ಮುತ್ಯಾನಾ ಚೀಲ ಹೊತ್ಕೊಂಡು ಬಂದಿದ್ರು."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ನಿನ್ನಿ ಶಾಲು ಹೊಚ್ಚಿ ಕಳಿಸಿದ್ರಿ, ಖರೇ. ಮುಂಜಾನಿಂದ ಫೋನ್ ಹಿಡ್ಕೊಂಡು ನಿಂತಾ ಇದ್ನಿರಿ ಸರ. ಈಗ ಕುಂತೀನಿ. ಈಗ ರಿಟೈರ್ ಆದೆ ನಾ."